ಬಾನೆಟ್ಟಿನ ಮೇಲಿಟ್ಟ ಕೈ

ಫೆಬ್ರವರಿ ೯

ಕುಳ್ಳ ತಮ್ಮನಿಗೆ,

ನಿನ್ನ ಕಾಗದ ಬಂತು. ಓದಿ, ನನ್ನ ಕಣ್ಣೇ ಕೆಟ್ಟಿತೇನೋ ಅಂತ ನಿನ್ನ ಭಾವನ ಕೈಗೆ ಕೊಟ್ಟು ಓದಿಸಿದೆ. ಅವರೂ ಅದನ್ನೇ ಓದಿದರು. ಸ್ಪೋರ್ಟ್ಸ್ ಕಾರು. ಐವತ್ತು ಹತ್ತಿರ ಬಂತು, ತಲೆ ಮೇಲಿನ ಕೂದಲು ಗಂಟುಮೂಟೆ ಕಟ್ಟಿಕೊಂಡು ಹೋಯಿತು, ಹಡಗಿನ ಇಂಜಿನ್ ಕೋಣೆಯಲ್ಲಿ ಎಣ್ಣೆ ಮೆತ್ತಿಕೊಂಡು ಕೂತು ನಿನಗೆ ಹೊಳೆದದ್ದು ಇದು.

ಹಲ್ಲಿನ ಡಾಕ್ಟರು ಅವರ ಕೆಂಪು ಗಾಡಿ ಮಾರುತ್ತಾರಂತೆ ಅಂತ ಹೋದ ಸಲ ಸುಮ್ಮನೆ ಒಂದು ಸಾಲು ಬರೆದೆ. ಕಾಗದದಲ್ಲಿ ಜಾಗ ಉಳಿದಿತ್ತು, ಅದಕ್ಕೆ ಬರೆದೆ. ನೀನು ರಜೆಗೆ ಬಂದಾಗೆಲ್ಲ ಅವರ ಮನೆ ಮುಂದೆ ನಿಂತು ಆ ಗಾಡಿಯನ್ನು ನೋಡುತ್ತಿದ್ದದ್ದು ನೆನಪಾಗಿ ಬರೆದೆ. ಅಷ್ಟಕ್ಕೇ 'ಅಕ್ಕ, ಹೋಗಿ ನೋಡು, ನ್ಯಾಯವಾದ ಬೆಲೆಯಾದರೆ ಕೊಂಡುಬಿಡು' ಅನ್ನೋದಾ?

ನನ್ನ ಹತ್ತಿರ ಇಟ್ಟಿರೋ ಏಳು ಲಕ್ಷ ನಿನ್ನ ಬೆವರು. ಮನೆ ಕೊಳ್ಳೋ ಅಂದರೆ 'ಯಾರಿಗೆ' ಅಂದೆ. ಮದುವೆ ಆಗೋ ಅಂದರೆ 'ಯಾರನ್ನ' ಅಂದೆ. ಈಗ ಎರಡೇ ಸೀಟಿನ ಗಾಡಿ ಬೇಕು. ಇನ್ನೊಂದು ಸೀಟಿನಲ್ಲಿ ಯಾರು ಅಂತ ನಾನು ಕೇಳಲ್ಲ. ನಿನ್ನ ಭಾವ ಕೇಳಿದರು: 'ಮುಂದೆ ಅಕ್ಕ ತಮ್ಮ ಕೂತರೆ ನಾನೆಲ್ಲಿ, ಡಿಕ್ಕಿಯಲ್ಲಾ?'

ನಾನು ಬೀರು, ಮಂಚ, ಕುರ್ಚಿ ಬೆಲೆ ಕಟ್ಟೋಳು. ಊರು ಬಿಡೋರ ಮನೆ, ಪಾಲು ಮಾಡಿಕೊಳ್ಳೋರ ಮನೆಗೆ ಹೋಗಿ ಹಳೆ ಸಾಮಾನು ಕೊಳ್ಳೋಳು. ಗಾಡಿ ಬಗ್ಗೆ ಏನು ಗೊತ್ತು ನನಗೆ? ಏನೇನು ನೋಡಬೇಕು ಅಂತ ಸರಿಯಾಗಿ ಬರೆ. ಹಾಗೇ, ನಿನ್ನ ಸಂಬಳ ಅಕ್ಟೋಬರಿನಿಂದ ಬ್ಯಾಂಕಿಗೆ ಬಿದ್ದಿಲ್ಲ. ವಿಚಾರಿಸು.

ಅಕ್ಕ


ಫೆಬ್ರವರಿ ೨೭

ಪ್ರೀತಿಯ ಅಕ್ಕನಿಗೆ,

ಸಂಬಳದ ವಿಷಯ ಕಂಪನಿಯ ಲೆಕ್ಕದವರ ಗೊಂದಲ. ನೀನು ತಲೆ ಕೆಡಿಸಿಕೊಳ್ಳಬೇಡ. ನಮ್ಮ ಹಡಗು ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುತ್ತಿದೆ. ಇಲ್ಲಿಂದ ಫೋನು ಸಿಗುವುದಿಲ್ಲ. ನೀರು, ದಿನಸಿ ತರುವ ದೋಣಿಯವನ ಕೈಯಲ್ಲಿ ಕಾಗದ ಕೊಡುತ್ತೇನೆ. ಅವನು ಮರೆತರೆ ತಡವಾಗುತ್ತದೆ.

ಗಾಡಿ ನೋಡುವಾಗ ಹೊಳಪಿಗೆ ಮರುಳಾಗಬೇಡ. ಬಾಗಿಲು ಮತ್ತು ಮೈ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಅಗಲ, ಒಂದು ಕಡೆ ಕಿರಿದು ಅಂದರೆ ಎಲ್ಲೋ ಗುದ್ದಿಸಿ ತಟ್ಟಿಸಿದ್ದಾರೆ ಅಂತ ಅರ್ಥ. ಇಂಜಿನ್ ತಣ್ಣಗಿರುವಾಗಲೇ ಶುರು ಮಾಡಿಸು. ನೀನು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ರಿಪೇರಿಯ ಬಿಲ್ಲುಗಳನ್ನು ಕೇಳು. ಸಾಮಾನ್ಯ ಕಾರಿನ ಬೆಲೆಯನ್ನು ವಯಸ್ಸು ಹೇಳುತ್ತದೆ. ಸ್ಪೋರ್ಟ್ಸ್ ಕಾರಿನ ಬೆಲೆಯನ್ನು ಹಿಂದಿನ ಮಾಲೀಕನ ಬಲಗಾಲು ಹೇಳುತ್ತದೆ. ಡಾಕ್ಟರು ಮೆಲ್ಲಗೆ ಓಡಿಸುತ್ತಿದ್ದವರು. ಆರರವರೆಗೆ ಕೊಡಬಹುದು.

ಇನ್ನೊಂದು ಮಾತು, ನಿನ್ನ ಕಸುಬಿಗೆ ಸಂಬಂಧಿಸಿದ್ದು. ಬಹಳ ದಿನ ಒಂದೇ ಕಡೆ ನಿಂತ ಸಾಮಾನಿಗೆ ನೀನು ಹೇಗೆ ಬೆಲೆ ಕಟ್ಟುತ್ತೀಯ? ಮಾಲೀಕನೇ ಬಿಟ್ಟು ಹೋದ ಸಾಮಾನಾದರೆ?

ಭಾವನಿಗೆ ಹೇಳು, ಡಿಕ್ಕಿಯೂ ಚಿಕ್ಕದೇ.

ನಿನ್ನ ತಮ್ಮ


ಮಾರ್ಚ್ ೧೪

ಕುಳ್ಳನಿಗೆ,

ಹೋಗಿ ನೋಡಿದೆ. ಡಾಕ್ಟರಿಗೆ ಕಣ್ಣು ಮಂಜಾಗಿದೆ, ಅದಕ್ಕೇ ಮಾರೋದು. ಧ್ವನಿಯ ಮೇಲೆ ಗುರುತು ಹಿಡಿದರು. 'ಏನಮ್ಮ, ಹಲ್ಲು ನೋವಾ?'

'ಹಲ್ಲು ಗಟ್ಟಿಯಾಗಿದೆ. ಗಾಡಿ ನೋಡೋಕೆ ಬಂದೆ.'

'ನೀವು ಓಡಿಸ್ತೀರಾ?'

'ನಾನು ಓಡಿಸಿದರೆ ನಿಮ್ಮ ಬೀದಿ ಖಾಲಿಯಾಗುತ್ತೆ. ನನ್ನ ತಮ್ಮನಿಗೆ.'

ಮುಚ್ಚಿದ ಕ್ಲಿನಿಕ್ಕಿನ ಒಳಗಿಂದ, ಹಲ್ಲು ಕೀಳೋ ಕುರ್ಚಿ ದಾಟಿ, ಪಾತ್ರೆ ತೊಳೆಯೋ ಜಾಗ ದಾಟಿ ಹಿಂದಿನ ಷೆಡ್ಡಿಗೆ ಕರೆದುಕೊಂಡು ಹೋದರು. ಟ್ಯೂಬ್‌ಲೈಟ್ ಹಾಕಿ ಮೇಲಿನ ಹೊದಿಕೆ ಎಳೆದರು. ಬೈಯೋಕೆ ಅಂತಲೇ ಹೋಗಿದ್ದೆ. ನೋಡಿದ ಮೇಲೆ ಬೈಗುಳ ಸಿಗಲಿಲ್ಲ. ನೀನು ಸುಮ್ಮನೆ ನಿಂತು ನೋಡುತ್ತಿರಲಿಲ್ಲ ಬಿಡು.

ಸಂದು ಎಲ್ಲ ಸಮ ಇದೆ, ಉಗುರು ಹಾಕಿ ನೋಡಿದೆ. ಇಂಜಿನ್ ತಣ್ಣಗಿತ್ತು. ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಂಡಿತು. ನಿನ್ನ ಭಾವನ ಗೊರಕೆಗಿಂತ ಒಂದು ಮಟ್ಟ ಮೇಲೆ. ಟೈರು ನಾಲ್ಕೂ ಒಂದೇ ಥರದವು, ನಿಂತು ನಿಂತು ತಳ ಚಪ್ಪಟೆಯಾಗಿದೆ. ಸೀಟಿನಲ್ಲಿ ಕೂತೆ. ಕೂರೋದು ಸುಲಭ, ಏಳೋಕೆ ಡಾಕ್ಟರು ಕೈ ಹಿಡಿದು ಎಳೆಯಬೇಕಾಯಿತು. ರಸ್ತೆಗೆ ತೆಗೆಸಿ ಅಂದೆ. ವಿಮೆ ಮುಗಿದಿದೆ, ಷಟರ್ ತುಕ್ಕು ಹಿಡಿದಿದೆ ಅಂದರು. ಇರಲಿ ಅಂದೆ.

ಒಂಬತ್ತು ಅಂದರು. ನಾನು ನಾಲ್ಕು ಅಂದೆ. 'ನಾಲ್ಕಕ್ಕೆ ನನ್ನ ಕುರ್ಚಿ ತಗೊಂಡು ಹೋಗಿ, ಅದೂ ಮೇಲೆ ಕೆಳಗೆ ಹೋಗುತ್ತೆ' ಅಂದರು. ಎದ್ದು ಬಂದೆ.

ನಮ್ಮ ಪೇಟೆಯ ಕಟ್ಟು ನಿನಗೆ ಗೊತ್ತಲ್ಲ. ಸಾಮಾನಿನ ಮೇಲೆ ಕೈಯಿಟ್ಟು ಬೆಲೆ ಹೇಳಿದರೆ ಅದು ಮುಗಿದ ಮಾತು. ಎದುರಿನವನು ಹೂಂ ಅಂದರೆ ಹೇಳಿದವನು ಹಿಂದೆ ಸರಿಯೋ ಹಾಗಿಲ್ಲ. ಬೆಲೆ ಮಾತು ಶುರುವಾದರೆ ನನ್ನ ಎರಡು ಕೈಯೂ ಬೆನ್ನ ಹಿಂದೆ. ಡಾಕ್ಟರಿಗೂ ಇದು ಗೊತ್ತು. ಕ್ಲಿನಿಕ್ ಮುಚ್ಚಿದಾಗ, ಮಾರೋಕಿಟ್ಟ ಬೆಂಚಿನ ಮೇಲೆ ಕೈಯೂರಿಕೊಂಡು ಬಾಯ್ತಪ್ಪಿ ಕಮ್ಮಿ ಹೇಳಿದ್ದರು. ನಾನು ಹೂಂ ಅಂದು ಬೆಂಚುಗಳನ್ನೆಲ್ಲ ಕೈಗಾಡಿಗೆ ಹಾಕಿಸಿದೆ.

ಇನ್ನು ನೀನು ಕೇಳಿದ್ದು. ನಿಂತ ಸಾಮಾನಿಗೆ ನಿಂತದ್ದೇ ರೋಗ, ತಿಂಗಳು ತಿಂಗಳೂ ಬೆಲೆ ಉದುರುತ್ತೆ. ಮಾಲೀಕ ಬಿಟ್ಟು ಓಡಿಹೋದ ಸಾಮಾನನ್ನ ನಾನು ಮುಟ್ಟಲ್ಲ. ಅದರ ಹಿಂದೆ ಸಾಲ ಕೊಟ್ಟವರ ಸಾಲೇ ಇರುತ್ತೆ. ಅದನ್ನ ಕಾಯೋಕೆ ಯಾವನಾದರೂ ಪೆದ್ದ ಒಪ್ಪಿಕೊಂಡಿದ್ದರೆ ಅವನ ಕಥೆ ಮುಗೀತು ಅನ್ನು. ಸಾಮಾನಿನ ಜೊತೆಗೆ ಅವನಿಗೂ ಧೂಳು ಹಿಡಿಯುತ್ತೆ.

ಯಾಕೆ ಕೇಳಿದೆ?

ಅಕ್ಕ


ಏಪ್ರಿಲ್ ೨

ಅಕ್ಕನಿಗೆ,

ಸುಮ್ಮನೆ ಕೇಳಿದೆ. ನೀನು ಬರೆದದ್ದು ಸರಿ.

ಗಾಡಿಗೆ ಅವಸರ ಬೇಡ. ಆಗಾಗ ಹೋಗಿ ನೋಡಿ ಬಾ. ಪ್ರತಿ ಸಲ ನೋಡಿದ್ದನ್ನು ಬರೆ. ಸೀಟಿನ ಹೊಲಿಗೆ ಯಾವ ಬಣ್ಣ? ಗೇರ್ ಹಿಡಿ ಚರ್ಮದ್ದೋ ಮರದ್ದೋ? ಮೇಲಿನ ಮುಚ್ಚಿಗೆ ಮಡಚಿದರೆ ತಲೆಯ ಮೇಲೆ ಪೂರಾ ತೆರೆದುಕೊಳ್ಳುತ್ತದೆಯೇ? ಬೆಲೆಯ ಮಾತು ಮುಗಿಸಬೇಡ. ಎಳೆದಾಡು. ಅರ್ಧ ಇಳಿಸಿದರೆ ಮತ್ತರ್ಧ ಕೇಳು. ಡಾಕ್ಟರು ಬೇಸರಪಟ್ಟುಕೊಂಡರೆ ಒಂದು ವಾರ ಬಿಟ್ಟು ಹೋಗು.

ಇಲ್ಲಿ ವಿಶೇಷವೇನಿಲ್ಲ. ಹವೆ ಚೆನ್ನಾಗಿದೆ.

ನಿನ್ನ ತಮ್ಮ


ಏಪ್ರಿಲ್ ೧೧

ಜಿಪುಣ ತಮ್ಮನಿಗೆ,

ಹೊಲಿಗೆ ಬಿಳಿ. ಹಿಡಿ ಮರದ್ದು. ಆಕಾಶ ಪೂರಾ ಕಾಣುತ್ತೆ, ಷೆಡ್ಡಿನಲ್ಲಿ ಆಕಾಶ ಇದ್ದರೆ. ಸಾಕಾ? ಹೆಣ್ಣು ನೋಡೋಕೆ ಹೋದವರೂ ಇಷ್ಟು ಸಲ ಹೋಗಲ್ಲ. ಕೊಡೋ ಮನಸ್ಸಿದ್ದರೆ ಕೊಡು, ಇಲ್ಲದಿದ್ದರೆ ಬಿಡು. ಮುದುಕರ ಮನೆ ಬಾಗಿಲು ಸವೆಸೋಕೆ ನನಗೆ ಪುರುಸೊತ್ತಿಲ್ಲ. ನಿನ್ನ ಭಾವ ಮೆಟ್ಟಿಲ ಮೇಲೆ ಜಾರಿ ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ಗಾಬರಿಯಾಗಬೇಡ, ಬಾಯಿ ಆರೋಗ್ಯವಾಗಿದೆ. ನಾನು ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ಒಳಗಿಂದ 'ಎಲ್ಲಿಗೆ' ಅನ್ನುತ್ತೆ. ಅಂಗಡಿ, ಮನೆ, ಅಂಗಡಿ. ನಿನಗೇನು, ಲೋಕ ಸುತ್ತೋನು.

ಗಾಡಿ ಆಯಿತು. ಐದಕ್ಕೆ.

ಆದದ್ದು ಹೀಗೆ. ಏಳಕ್ಕೆ ಬಂದು ನಿಂತಿದ್ದರು. ನಾನು ನಾಲ್ಕೂವರೆ ಬಿಟ್ಟು ಕದಲಲಿಲ್ಲ. ಆಗ ಡಾಕ್ಟರು ನಕ್ಕೊಂಡು, 'ತಮ್ಮ ಹಡಗಿನಲ್ಲಿ ಗಳಿಸ್ತಾನೆ, ಅವನು ಏಳು ಕೊಟ್ಟಿರ್ತಾನೆ, ನಡುವೆ ನಿಮಗೆಷ್ಟು ಉಳಿಯಬೇಕಮ್ಮ?' ಅಂದರು.

ನನಗೆ ಆ ಮಾತು. ನಿನ್ನ ದುಡ್ಡಿನಲ್ಲಿ ನಾನು ಚಹಾ ಕುಡಿದವಳಲ್ಲ. ತಲೆಗೆ ಏರಿತು. 'ಐದರ ಮೇಲೆ ಒಂದು ಕಾಸು ಹೆಚ್ಚಿಲ್ಲ, ಕೊಡೋದಾದ್ರೆ ಕೊಡಿ' ಅಂತ ಬಾನೆಟ್ಟಿನ ಮೇಲೆ ಗುದ್ದಿದೆ. ಗುದ್ದಿದ ಕೈ ಅಲ್ಲೇ ಇತ್ತು.

ಡಾಕ್ಟರು ತಲೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ, ಹತ್ತಿರ ಬಂದು ನನ್ನ ಕೈ ನೋಡಿದರು. ಬೆರಳಿನಿಂದ ಮುಟ್ಟಿಯೂ ನೋಡಿದರು. 'ಹೂಂ' ಅಂದರು.

ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಟ್ಟರೆ ಏನೋ ಒಂದು ಕಿತ್ತುಕೊಳ್ಳದೆ ಬಿಡುತ್ತಾರಾ? ನಿನ್ನೆ ದುಡ್ಡು ಕೊಟ್ಟು ಕಾಗದಪತ್ರ ಇಸಕೊಂಡೆ. ನೀನು ಆರರವರೆಗೆ ಅಂದಿದ್ದೆ, ಒಂದು ಉಳಿಸಿದೆ. ಹಾಗಂತ ಖುಷಿಪಡಬೇಕು. ಆದರೆ ಏಳು ಅಂತ ನಿಂತಿದ್ದ ಮನುಷ್ಯ ಒಂದೇ ಉಸಿರಿಗೆ ಐದಕ್ಕೆ ಹೂಂ ಅಂದದ್ದು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕೂತಿದೆ.

ಅಕ್ಕ


ಏಪ್ರಿಲ್ ೨೦

ತಮ್ಮನಿಗೆ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಾರು ಏನು ಅಂತ ಗೊತ್ತಾಯಿತು.

ಸೋಮವಾರ ಮೆಕ್ಯಾನಿಕ್ಕನ್ನ ಕರೆದುಕೊಂಡು ಗಾಡಿ ತರೋಕೆ ಹೋದೆ. ಷಟರಿಗೆ ಎಣ್ಣೆ ಬಿಟ್ಟು, ಬಡಿದು, ಇಬ್ಬರೂ ಸೇರಿ ಮೇಲೆ ಎತ್ತಿದೆವು. ಷಟರ್ ಮೇಲೆ ಹೋಯಿತು. ಎದುರಿಗೆ ಗೋಡೆ.

ಇಟ್ಟಿಗೆ ಗೋಡೆ, ನನ್ನ ಎತ್ತರದ ಎರಡರಷ್ಟು. ಷಟರಿಗೂ ಅದಕ್ಕೂ ನಡುವೆ ಬೆಕ್ಕು ಹೋಗುತ್ತೆ, ಅದೂ ಬಡಕಲು ಬೆಕ್ಕು. ಹಿಂದೆ ಅಲ್ಲಿ ಓಣಿ ಇತ್ತು. ಆ ಜಾಗ ಹಿಂಬದಿಯ ಮನೆಯವನದಂತೆ. ಮೂರು ವರ್ಷದ ಹಿಂದೆ ಕೋರ್ಟಿನಲ್ಲಿ ಗೆದ್ದು ಗೋಡೆ ಎಬ್ಬಿಸಿದ್ದಾನೆ. ಗಾಡಿ ಒಳಗೇ ಉಳಿಯಿತು. ಪೇಟೆಯವರೆಲ್ಲ ಬಂದು ನೋಡಿ ಹೋಗಿದ್ದಾರಂತೆ, ದಾರಿ ಇಲ್ಲ ಅಂತ ನೋಡಿ ಯಾರೂ ಬೆಲೆ ಕೇಳಿಲ್ಲ. ನಾನು ಗಾಡಿ ನೋಡಿದೆ. ದಾರಿ ನೋಡಲಿಲ್ಲ.

ಬೀರು ಕೊಳ್ಳೋ ಮೊದಲು ಬಾಗಿಲು ಅಳೆಯೋದು ನನ್ನ ಕಸುಬಿನ ಅ ಆ ಇ ಈ. ಅಂಗಡಿಗೆ ಬರೋ ಎಲ್ಲರಿಗೂ ಅದನ್ನೇ ಹೇಳಿ ಉಗಿಯೋಳು ನಾನು.

ಡಾಕ್ಟರನ್ನ ಕೇಳಿದೆ, 'ಯಾಕೆ ಹೇಳಲಿಲ್ಲ?'

'ನೀವು ಟೈರು ಕೇಳಿದಿರಿ, ಬಿಲ್ಲು ಕೇಳಿದಿರಿ. ದಾರಿ ಕೇಳಲಿಲ್ಲ' ಅಂದರು. 'ಬೆಂಚಿನ ದಿವಸ ನಾನೂ ನಿಮ್ಮನ್ನ ಏನೂ ಕೇಳಲಿಲ್ಲ.'

ಗೋಡೆಯವನ ಹತ್ತಿರ ಹೋದೆ. ಒಂದು ಕಡೆ ಒಡೆದು ಮತ್ತೆ ಕಟ್ಟಿಸಿಕೊಡುತ್ತೇನೆ ಅಂದೆ. 'ಡಾಕ್ಟರ ಮೇಲೆ ಹನ್ನೊಂದು ವರ್ಷ ಕೇಸು ನಡೆಸಿ ಕಟ್ಟಿದ ಗೋಡೆ ಇದು. ಒಂದು ಇಟ್ಟಿಗೆ ಕೊಡಲ್ಲ. ಸ್ಪೋರ್ಟ್ಸ್ ಕಾರಲ್ವಾ, ಹಾರಿಸಿಕೊಂಡು ಹೋಗಿ' ಅಂದ.

ಬೈಯೋದಿದ್ದರೆ ಈಗಲೇ ಬೈದುಬಿಡು. ನಿನ್ನ ಭಾವ ಬೈಯಲಿಲ್ಲ. ನಕ್ಕರು, ಸೊಂಟ ನೋಯುತ್ತೆ ಅಂತ ನಿಲ್ಲಿಸಿದರು.

ಅಕ್ಕ


ಮೇ ೬

ಅಕ್ಕ,

ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ಗೋಡೆಯ ವಿಷಯ ಓದಿ ನಕ್ಕೆ. ಊಟದ ಕೋಣೆಯಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ಇಪ್ಪತ್ತು ಜನ ಉಣ್ಣುವ ಕೋಣೆಯಲ್ಲಿ ಒಬ್ಬನೇ ನಕ್ಕರೆ ಸದ್ದು ತಗಡಿಗೆ ಬಡಿದು ವಾಪಸ್ಸು ಬರುತ್ತದೆ. ಅದನ್ನು ಕೇಳಿದ ಮೇಲೆ ನಿನಗೆ ಬರೆಯದೆ ಇರಲಾಗಲಿಲ್ಲ.

ನಾನು ಸರದಿ ಕಾಯುತ್ತಿಲ್ಲ. ಅಕ್ಟೋಬರಿನಲ್ಲಿ ಹಡಗಿನ ಮಾಲೀಕ ಕಾಣೆಯಾದ. ಸಾಲ ಕೊಟ್ಟವರು ಕೋರ್ಟಿಗೆ ಹೋದರು, ಕೋರ್ಟು ಹಡಗನ್ನು ಇಲ್ಲೇ ನಿಲ್ಲಿಸಿತು. ಹಡಗನ್ನು ಖಾಲಿ ಬಿಡುವ ಹಾಗಿಲ್ಲ, ಯಾರಾದರೊಬ್ಬ ಕಾವಲಿಗೆ ಸಹಿ ಹಾಕಬೇಕು ಅಂದರು. ಎರಡು ವಾರದ ಮಾತು, ಸಂಬಳ ಒಂದೂವರೆಪಟ್ಟು ಅಂದರು. ಹಾಕಿದೆ. ಉಳಿದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದರು. ಕೋರ್ಟು ಹಡಗನ್ನು ಹರಾಜಿಗೆ ಇಟ್ಟಿದೆ. ಅವರು ಕಟ್ಟಿದ ಬೆಲೆಗೆ ಕೇಳುವವರಿಲ್ಲ. ಬೆಲೆ ಇಳಿಸಲು ಸಾಲ ಕೊಟ್ಟವರು ಬಿಡುವುದಿಲ್ಲ. ಅದು ಮಾರಾಟವಾಗುವವರೆಗೆ ನಾನು ಇಳಿಯುವ ಹಾಗಿಲ್ಲ. ಊರಿನ ದೀಪಗಳು ಇಲ್ಲಿಗೆ ಕಾಣುತ್ತವೆ. ದುರ್ಬೀನು ಹಿಡಿದರೆ ಬಸ್ಸು ತಿರುಗುವುದೂ ಕಾಣುತ್ತದೆ.

ನಿಂತ ಸಾಮಾನು, ಮಾಲೀಕ ಬಿಟ್ಟ ಸಾಮಾನು ಅಂತ ಕೇಳಿದ್ದು ಇದಕ್ಕೇ. ಗಾಡಿಯ ಬೆಲೆ ಎಳೆದಾಡು ಅಂದದ್ದು ಜಿಪುಣತನದಿಂದಲ್ಲ. ವ್ಯಾಪಾರ ಮುಗಿದರೆ ನೀನು ಬರೆಯುವುದು ಕಮ್ಮಿಯಾಗುತ್ತದೆ ಅನ್ನಿಸಿತು. ಬಿಳಿ ಹೊಲಿಗೆ ಅಂತ ಗೊತ್ತಾದ ಮೇಲೆ ನಾಲ್ಕು ದಿನ ಅದನ್ನೇ ಯೋಚಿಸಿದೆ.

ಈಗ ಒಂದು ದಾರಿ ಇದೆ. ನನ್ನ ಜಾಗಕ್ಕೆ ಇಂಜಿನ್ ಬಲ್ಲ ಇನ್ನೊಬ್ಬ ಬಂದು ಸಹಿ ಹಾಕಿದರೆ ಕೋರ್ಟು ನನ್ನನ್ನು ಬಿಡುತ್ತದೆ. ಅವನ ಒಂದು ವರ್ಷದ ಸಂಬಳವನ್ನು ನಾನೇ ಮುಂಗಡ ಕಟ್ಟಬೇಕು. ಅಷ್ಟಕ್ಕೆ ಐದೋ ಆರೋ ಬೇಕಾಗುತ್ತದೆ ಎಂದು ಇಲ್ಲಿನ ದಲ್ಲಾಳಿ ಹೇಳುತ್ತಾನೆ. ನಿನ್ನ ಹತ್ತಿರ ಉಳಿದ ಎರಡರಲ್ಲಿ ಆಗುವುದಿಲ್ಲ. ಡಾಕ್ಟರು ಗಾಡಿ ವಾಪಸ್ಸು ತೆಗೆದುಕೊಳ್ಳುತ್ತಾರಾ, ಕೇಳಿ ನೋಡು. ನಿನ್ನ ಕಟ್ಟು ನನಗೆ ಗೊತ್ತಿದೆ. ಕೇಳುವುದು ನಿನಗೆ ಎಷ್ಟು ಕಷ್ಟ ಎಂಬುದೂ ಗೊತ್ತಿದೆ.

ನಿನ್ನ ತಮ್ಮ


ಮೇ ೧೯

ಮಂಕೇ,

ಏಳು ತಿಂಗಳು. ಏಳು ತಿಂಗಳು ಹವೆ ಚೆನ್ನಾಗಿದೆ ಅಂತ ಬರೆದೆ. ನೀನು ಲೋಕ ಸುತ್ತೋನು ಅಂತ ನಾನು ಹೊಟ್ಟೆ ಉರಿದುಕೊಂಡೆ. ಕಾವಲು ಕಾಯೋ ಪೆದ್ದನಿಗೆ ಧೂಳು ಹಿಡಿಯುತ್ತೆ ಅಂತ ನನ್ನ ಕೈಯಲ್ಲೇ ಬರೆಸಿಕೊಂಡು, ಅದಕ್ಕೆ 'ನೀನು ಬರೆದದ್ದು ಸರಿ' ಅಂತ ಉತ್ತರ ಬೇರೆ. ಎದುರಿಗಿದ್ದಿದ್ದರೆ ಎರಡು ಬಿಗಿದಿರುತ್ತಿದ್ದೆ. ಊಟ ಸರಿಯಾಗಿ ಸಿಗುತ್ತಾ ಅದಾದರೂ ಬರೆ. ಸುಳ್ಳು ಬರೆಯಬೇಡ.

ಡಾಕ್ಟರ ಹತ್ತಿರ ಹೋದೆ. ವಾಪಸ್ಸು ತಗೊಳ್ಳಿ ಅಂತ ಕೇಳಿದೆ. ಹೌದು, ಕೇಳಿದೆ. ನನ್ನ ಬಾಯಿಂದ ಆ ಮಾತು ಬಂದದ್ದನ್ನ ಬೆಂಚುಗಳು ಕೇಳಿದ್ದರೆ ನಗುತ್ತಿದ್ದವು.

ಅವರು ಹಾಸಿಗೆಯಲ್ಲಿದ್ದರು, ಕಣ್ಣಿಗೆ ಪಟ್ಟಿ. ನನ್ನ ಐದರಲ್ಲಿ ಎರಡೂ ಕಣ್ಣಿನ ಆಪರೇಷನ್ನು, ಉಳಿದದ್ದು ಮಗನ ಸಾಲಕ್ಕೆ. 'ಕೊಡೋಕೆ ಮನಸ್ಸಿಲ್ಲ ಅಂತಲ್ಲಮ್ಮ, ಕೊಡೋಕೆ ಇಲ್ಲ' ಅಂದರು. ಆಮೇಲೆ, 'ನಿಮ್ಮ ತಮ್ಮ ಸಿಕ್ಕಿಕೊಂಡಿದ್ದಾನೆ ಅಂತ ಗೊತ್ತಿದ್ದರೆ ಗೋಡೆ ಇದೆ ಅಂತ ಹೇಳ್ತಿದ್ದೆ' ಅಂದರು. ನಾನು, 'ನಿಮಗೆ ಕಣ್ಣು ಹೋಗ್ತಿದೆ ಅಂತ ಗೊತ್ತಿದ್ದರೂ ನಾನು ಏಳು ಕೊಡ್ತಿರಲಿಲ್ಲ' ಅಂದೆ. ಜಗಳ ಆಡೋಕೆ ಹೋದೋಳು ಅವರಿಗೆ ಕಣ್ಣಿನ ಹನಿ ಹಾಕಿ ಬಂದೆ.

ಷೆಡ್ಡಿನ ಕೀಲಿ ನನ್ನ ಹತ್ತಿರ ಇದೆ. ಗಾಡಿ ನನ್ನದು, ಅಂದರೆ ನಿನ್ನದು. ಅದನ್ನ ಹೊರಗೆ ತರೋದು ನನ್ನ ತಲೆನೋವು. ಹೇಗೆ ಅಂತ ಕೇಳಬೇಡ. ದಲ್ಲಾಳಿಗೆ ಆಳು ಹುಡುಕೋಕೆ ಹೇಳು. ಆರು ಅಂತ ಅವನು ಅಂದ ಕೂಡಲೇ ಆರು ಅಂತ ಒಪ್ಪಬೇಡ.

ಅಕ್ಕ


ಜೂನ್ ೮

ತಮ್ಮನಿಗೆ,

ಗಾಡಿ ಹೊರಗೆ ಬಂತು. ಮಾರಿದೆ. ಆರೂಕಾಲು ಬಂತು. ಅದರಲ್ಲಿ ಆರನ್ನ ಇವತ್ತೇ ದಲ್ಲಾಳಿಯ ಬ್ಯಾಂಕಿಗೆ ಹಾಕಿಸಿದೆ, ರಸೀದಿ ಇದರ ಜೊತೆಗಿದೆ. ನಿನ್ನ ಹಳೆಯ ಎರಡು ಹಾಗೇ ಇದೆ.

ಯಾರು ಕೊಂಡರು, ಹೇಗೆ ಬಂತು ಅಂತೆಲ್ಲ ಬಂದ ಮೇಲೆ ಹೇಳುತ್ತೇನೆ. ನಿನ್ನ ಭಾವ ಕೋಲು ಹಿಡಿದು ಅಂಗಡಿವರೆಗೆ ಬರುತ್ತಾರೆ. ಬಂದು ಕುರ್ಚಿ ಮೇಲೆ ಕೂತು ಗಿರಾಕಿಗೆ ಅದರ ಕಾಲು ಅಲುಗುತ್ತೆ ಅಂತ ಹೇಳುತ್ತಾರೆ.

ಬೇಗ ಇಳಿ.

ಅಕ್ಕ


ಜೂನ್ ೨೫

ಅಕ್ಕ,

ದುಡ್ಡು ಬಂತು. ನೀನು ಬಂದ ಮೇಲೆ ಹೇಳುತ್ತೇನೆ ಅಂದದ್ದು ನನಗೆ ಗೊತ್ತಾಯಿತು. ಮೂರು ವರ್ಷ ನಿಂತ ಗಾಡಿಗೆ ಇಡಿಯಾಗಿ ಆರೂಕಾಲು ಕೊಡುವವನು ಯಾವ ಊರಿನಲ್ಲೂ ಇಲ್ಲ. ಬಿಚ್ಚಿ ಮಾರಿದರೆ ಮಾತ್ರ ಅಷ್ಟು ಬರುತ್ತದೆ. ಇಂಜಿನ್ ಒಬ್ಬನಿಗೆ, ಗೇರ್‌ಪೆಟ್ಟಿಗೆ ಒಬ್ಬನಿಗೆ, ಸೀಟು ಇನ್ನೊಬ್ಬನಿಗೆ. ಮೈಯನ್ನು ಕ್ಲಿನಿಕ್ಕಿನ ಬಾಗಿಲಿನಲ್ಲಿ ಹಿಡಿಸುವಷ್ಟಕ್ಕೆ ಕೊಯ್ಯಿಸಿರಬೇಕು. ಒಳ್ಳೆಯ ಬೆಲೆ ಬರಿಸಿದ್ದೀಯ. ನಾನಾಗಿದ್ದರೆ ಕೊಯ್ಯಲು ಕೈ ಬರುತ್ತಿರಲಿಲ್ಲ. ಅದರ ಬಗ್ಗೆ ನೀನು ಮತ್ತೆ ಬರೆಯಬೇಡ, ನಾನೂ ಕೇಳುವುದಿಲ್ಲ.

ನಿನ್ನೆ ದೋಣಿಯಲ್ಲಿ ದಲ್ಲಾಳಿ ಒಬ್ಬನನ್ನು ಕರೆತಂದ. ನನಗಿಂತ ದೊಡ್ಡವನು. ಇಂಜಿನ್ ಕೋಣೆಯಲ್ಲಿ ಸುತ್ತಾಡಿಸಿದೆ. ಬಲ್ಲವನೇ. ಪಂಪಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಅಂದ. ಬೆಲೆಯ ಮಾತಿಗೆ ಕೂತೆವು. ನೀನು ಕಲಿಸಿದ ಹಾಗೆ, ಚೌಕಾಸಿಗೆ ಜಾಗ ಇರಲಿ ಎಂದು ಮೂರು ಅಂದೆ. ಅವನು ಹೂಂ ಅಂದುಬಿಟ್ಟ.

ಮೊದಲು ನಿರಾಳವಾಯಿತು. ಆಮೇಲೆ ನಿನ್ನ ಗೋಡೆ ಕಣ್ಣ ಮುಂದೆ ಬಂತು. ದಲ್ಲಾಳಿಯನ್ನು ಆಚೆ ಕಳಿಸಿ ಆ ಮನುಷ್ಯನಿಗೆ ಎಲ್ಲ ಹೇಳಿದೆ. ಎರಡು ವಾರ ಅನ್ನುತ್ತಾರೆ, ನಂಬಬೇಡಿ. ಹಡಗು ಮಾರಾಟವಾಗುವುದಿಲ್ಲ. ಇಳಿಯುವುದು ಹೇಗೆ ಅಂತ ಗೊತ್ತುಮಾಡಿಕೊಳ್ಳದೆ ಸಹಿ ಹಾಕಬೇಡಿ.

ಅವನು ಪೂರ್ತಿ ಕೇಳಿದ. 'ಸಾರ್, ನನಗೆ ಇಳಿದು ಹೋಗೋಕೆ ಜಾಗ ಇಲ್ಲ. ಹತ್ತೋಕೆ ಒಂದು ಸಿಕ್ಕಿತಲ್ಲ' ಅಂದ. ಪೆನ್ನು ಕೇಳಿದ.

ಅಕ್ಕ, ನಾನು ಪೆನ್ನು ಕೊಟ್ಟೆ.

ಸಿಹಿನೀರಿನ ನಲ್ಲಿ ಯಾವುದು, ಯಾವ ಹಾಸಿಗೆಗೆ ಗಾಳಿ ಬರುತ್ತದೆ ಅಂತ ತೋರಿಸಿದೆ. ಆಮೇಲೆ ಏಣಿ ಇಳಿದೆ. ಕೈ ಬೀಸುತ್ತಾನೇನೋ ಎಂದು ದೋಣಿಯಿಂದ ತಿರುಗಿ ನೋಡಿದೆ. ಅವನು ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ, ಅಚ್ಚುಕಟ್ಟಾಗಿ, ಹಗ್ಗ ಸುತ್ತುತ್ತ.

ಇದನ್ನು ದಡದ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಹಡಗು ಕಾಣುತ್ತದೆ. ರೈಲಿಗೆ ಚೀಟಿ ಮಾಡಿಸಿದ್ದೇನೆ.

ನಿನ್ನ ತಮ್ಮ


ಜುಲೈ ೧೮

ಹಡಗಿನಲ್ಲಿ ಕಾವಲಿಗಿರುವ ಅಣ್ಣನವರಿಗೆ,

ನೀವು ನನ್ನನ್ನು ನೋಡಿಲ್ಲ. ನಿಮಗಿಂತ ಮೊದಲು ಅಲ್ಲಿದ್ದವನು ನನ್ನ ತಮ್ಮ. ದೋಣಿಯವನು ಈ ಕಾಗದ ಕೊಡೋದು ತಡಮಾಡಿದ್ದರೆ ಅವನಿಗೆ ನನ್ನ ಪರವಾಗಿ ನಾಲ್ಕು ಮಾತು ಬೈಯಿರಿ.

ತಮ್ಮ ಮನೆಗೆ ಬಂದ. ಒಂದು ವಾರ ಮಲಗಿದ. ಈಗ ಎದ್ದು ಓಡಾಡುತ್ತಾನೆ, ಉಣ್ಣುತ್ತಾನೆ. ಆದರೆ ನಿಮ್ಮ ವಿಷಯ ಬಂದರೆ ತಟ್ಟೆ ಬಿಟ್ಟು ಏಳುತ್ತಾನೆ. ನಾನು ಎಷ್ಟು ಕೇಳಿದರೂ ಅವನ ಬಾಯಿಂದ ನಿಮ್ಮ ಮನೆಮಠದ ವಿಚಾರ ಒಂದೂ ಬರಲಿಲ್ಲ. ಕೇಳಿಲ್ಲವಂತೆ. ಗಂಡಸರು ಇಡೀ ದಿನ ಒಂದು ಕೋಣೆಯಲ್ಲಿ ಕೂತು ಬೇರಿಂಗಿನ ಮಾತಾಡುತ್ತಾರೆ, ಹೆಂಡತಿ ಇದ್ದಾಳಾ ಅಂತ ಕೇಳಲ್ಲ. ಅದಕ್ಕೆ ನಾನು ಕೇಳುತ್ತಿದ್ದೇನೆ. ನಿಮಗೆ ಬರೆಯೋರು ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ನಾನು ಬರೆಯುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ಸಿಟ್ಟೂ ಜಾಸ್ತಿ. ಓದಿ ಅಭ್ಯಾಸವಾಗುತ್ತೆ.

ಇನ್ನು ವ್ಯವಹಾರ. ಅವನು ಮೂರು ಅಂದನಂತೆ, ನೀವು ಹೂಂ ಅಂದಿರಂತೆ. ಅಣ್ಣಾ, ನಾನು ಜೀವನ ಪೂರ್ತಿ ಬೆಲೆ ಕಟ್ಟಿದೋಳು, ನಿಮಗೆ ಒಂದು ಮಾತು ಹೇಳುತ್ತೇನೆ. ಮೊದಲ ಮಾತಿಗೆ ಒಪ್ಪಿದ ಬೆಲೆ ಬೆಲೆಯಲ್ಲ. ಅಲ್ಲಿ ಒಬ್ಬ ಹೇಳಿದ, ಒಬ್ಬ ಸುಸ್ತಾಗಿದ್ದ, ಅಷ್ಟೇ. ಅವನು ಆರಕ್ಕೆ ತಯಾರಾಗಿ ಕೂತಿದ್ದ, ಉಳಿದ ಮೂರನ್ನ ದಲ್ಲಾಳಿಯಿಂದ ವಾಪಸ್ಸು ಇಸಕೊಂಡು ಬಂದಿದ್ದಾನೆ, ಅದು ನನ್ನ ಹತ್ತಿರ ಇದೆ.

ಅದನ್ನ ಸುಮ್ಮನೆ ಕಳಿಸಿಬಿಡು ಅನ್ನುತ್ತಾನೆ ತಮ್ಮ. ನಾನು ಕಳಿಸಲ್ಲ. ಸುಮ್ಮನೆ ಕಳಿಸಿದರೆ ಅದು ಭಿಕ್ಷೆ. ನಿಮ್ಮ ಬೆಲೆ ಎಷ್ಟು ಅಂತ ನೀವೇ ಬರೆಯಿರಿ. ಅಲ್ಲಿ ಒಬ್ಬರೇ ಇರೋದಕ್ಕೆ ಎಷ್ಟು, ಊರಿನ ದೀಪ ನೋಡಿಕೊಂಡು ಕೂರೋದಕ್ಕೆ ಎಷ್ಟು, ಯೋಚಿಸಿ ಬರೆಯಿರಿ. ಹೆಚ್ಚಾಯಿತು ಅಂತ ನಾನು ಖಂಡಿತ ಬೈಯುತ್ತೇನೆ. ಅರ್ಧಕ್ಕೆ ಕೇಳುತ್ತೇನೆ. ನೀವು ಒಪ್ಪಬೇಡಿ. ನೀವೂ ನನ್ನನ್ನ ಬೈಯಿರಿ. ಈ ಚೌಕಾಸಿ ಎಷ್ಟು ದಿನ ಎಳೆದರೂ ನನಗೆ ಅಡ್ಡಿಯಿಲ್ಲ, ಅಂಗಡಿಯಲ್ಲಿ ಕೂತಿರೋಳು ನಾನು, ಎಲ್ಲಿಗೂ ಹೋಗೋದಿಲ್ಲ.

ಉತ್ತರ ಬರೆಯಿರಿ. ಮೊದಲ ಬೆಲೆ ನಿಮ್ಮದು.

ಅಕ್ಕ